ಹರಿಗೋಲಿನೊಳಗಿನ ಮೆಣಸಿನ ಬೀಜ

ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ನಾನು ನಮ್ಮ ಮಾವನವರೊಡನೆ ಒಂದು ಮಾತೂ ಆಡಿರಲಿಲ್ಲ. ಜಗಳವೇನೂ ಇರಲಿಲ್ಲ, ನಮ್ಮ ಕಡೆ ರೂಢಿಯೇ ಹಾಗೆ. ಅವರು ಅಂಗಳಕ್ಕೆ ಬಂದರೆ ನಾನು ಸೆರಗು ಮುಂದಕ್ಕೆ ಎಳೆದುಕೊಂಡು ಗೋಡೆಗೆ ಸರಿಯುತ್ತಿದ್ದೆ. ತಿಳಿಸಲೇಬೇಕಾದದ್ದನ್ನು ಅತ್ತೆಗೆ ಹೇಳಬೇಕು, ಅತ್ತೆ ಅವರಿಗೆ ಹೇಳಬೇಕು. ಅತ್ತೆ ಇಲ್ಲದಿದ್ದರೆ ಗೂಟಕ್ಕೆ ಕಟ್ಟಿದ ಕರುವಿಗೆ. ರೊಟ್ಟಿ ಆಗ್ಯಾವ ಅಂತ ಹೇಳು ಎಂದು ನಾನು ಕರುವಿಗೆ ಹೇಳಿದರೆ, ಬಂದೆ ಅನ್ನು ಎಂದು ಅವರೂ ಕರುವಿಗೇ ಹೇಳಿ ಕೈ ತೊಳೆಯಲು ಹೋಗುತ್ತಿದ್ದರು.

ಆಗ ನಿಜಾಮರ ರಾಜ್ಯ. ನಮ್ಮ ಮನೆ ಶಹಾಬಾದಿನ ಹೊರಗೆ, ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆಯುವ ಖಣಿಗಳ ಬಳಿ ಇತ್ತು. ಮಾವ ಕಾಗಿಣಾ ನದಿಯಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದರು, ಮೀನು ಹಿಡಿಯುತ್ತಿದ್ದರು. ನನ್ನ ಗಂಡ ವಾಡಿಯಲ್ಲಿ ರೈಲು ಹಳಿಯ ಕೆಲಸಕ್ಕಿದ್ದರು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ನಾನು ಚಿಮ್ಮನಚೋಡದ ಆಚೆ, ಹೊಳೆಯಿಲ್ಲದ ಒಣಭೂಮಿಯವಳು. ಬಾವಿಗಿಂತ ದೊಡ್ಡ ನೀರನ್ನು ಮದುವೆಗೆ ಮೊದಲು ಕಂಡವಳಲ್ಲ. ಈಜು ಬಾರದು.

ಆ ವರ್ಷ ಬೇಸಿಗೆಯ ಕೊನೆಗೆ ಅತ್ತೆಗೆ ದಮ್ಮು ಹೆಚ್ಚಾಯಿತು. ಎರಡು ದಿಂಬು ಆನಿಸಿ ಕೂರಿಸಿದರೂ ಎದೆಯೊಳಗೆ ಸಿಳ್ಳು ಹೊಡೆದಂತೆ ಸದ್ದು. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿದ ದಿನ ಕೊರಮೀನಿನ ಸಾರು ಕುಡಿದರೆ ಮಳೆಗಾಲ ದಾಟಿತು ಎನ್ನುವುದು ನಮ್ಮವರ ನಂಬಿಕೆ. ಕೊರಮೀನು ಇರುವುದು ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಯಲ್ಲಿ. ಹರಿಗೋಲಿನಲ್ಲಿ ಒಬ್ಬರೇ ಕೂತು ಗಾಳ ಹಾಕಿದರೆ ಅದು ಬುಗುರಿಯಂತೆ ತಿರುಗುತ್ತದೆ, ಹುಟ್ಟು ಹಿಡಿಯಲು ಇನ್ನೊಬ್ಬರು ಬೇಕು. ಗಂಡನಿಗೆ ರಜೆ ಸಿಗಲಿಲ್ಲ. ಅತ್ತೆ ಹಾಸಿಗೆಯಿಂದಲೇ, ನೀ ಹೋಗು, ನೀರ ಮ್ಯಾಲ ಮಾತಾಡಬ್ಯಾಡ, ಮೀನ ಓಡತಾವ ಎಂದರು.

ಇಲ್ಲಿ ನನ್ನ ತಪ್ಪು ಹೇಳಿಬಿಡಬೇಕು. ಹರಿಗೋಲೆಂದರೆ ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ಎಮ್ಮೆಯ ತೊಗಲು ಹೊಲಿದದ್ದು. ಬೇಸಿಗೆಯಲ್ಲಿ ಅದನ್ನು ನೆರಳಿನಲ್ಲಿ ಬೋರಲು ಹಾಕಿ ಆಗಾಗ ನೀರು ಚಿಮುಕಿಸಬೇಕು. ನಾನು ಅದನ್ನು ಬಿಸಿಲಿಗೆ ಎಳೆದು, ಬೆನ್ನಿನ ಮೇಲೆ ವರ್ಷದ ಖಾರಕ್ಕೆ ಬೇಕಾದ ಮೆಣಸಿನಕಾಯಿ ಒಣಗಿಸಿದ್ದೆ. ಚಾಪೆಗಿಂತ ಬೇಗ ಒಣಗುತ್ತಿತ್ತು, ಕೋಳಿಗಳೂ ಹತ್ತುತ್ತಿರಲಿಲ್ಲ. ನೆರಳಿಗೆ ಹಾಕಿಸು ಎಂದು ಮಾವ ಎರಡು ಸಲ ಅತ್ತೆಗೆ ಹೇಳಿದ್ದರು. ಅತ್ತೆ ನನಗೆ ಹೇಳಿದ್ದರು. ನಾನು ಹೂಂ ಎಂದಿದ್ದೆ. ಹೋಗುವ ಹಿಂದಿನ ದಿನ ತೊಗಲನ್ನು ಹಗಲಿಡೀ ನೆನೆಹಾಕಬೇಕಿತ್ತು. ಅತ್ತೆಯ ಆರೈಕೆಯ ನಡುವೆ ಎರಡು ಕೊಡ ನೀರು ಸುರುವಿ, ಮೆಣಸಿನ ಪುಡಿಯನ್ನು ಕಸಬರಿಗೆಯಿಂದ ಗುಡಿಸಿ, ಆಯಿತು ಅಂದುಕೊಂಡೆ.

ಬೆಳಿಗ್ಗೆ ಮಾವ ಹರಿಗೋಲನ್ನು ತಲೆಯ ಮೇಲೆ ಬೋರಲು ಹೊತ್ತು ನಡೆದರು. ಹಿಂದೆ ನಾನು ಹುಟ್ಟು, ಗಾಳ, ಕಪ್ಪೆ ತುಂಬಿದ ಗಡಿಗೆ ಹಿಡಿದುಕೊಂಡು ನಡೆದೆ. ಖಣಿಯ ಗೋಡೆಗಳು ಕತ್ತರಿಸಿಟ್ಟಂತೆ ನೆಟ್ಟಗೆ ನಿಂತಿದ್ದವು. ಪದರ ಪದರ ಕಲ್ಲು, ಕೈಯಿಡಲು ಸಂದಿಲ್ಲ. ಹಿಂದೆ ಕಲ್ಲಿನ ಬಂಡಿಗಳು ಇಳಿಯುತ್ತಿದ್ದ ಒಂದೇ ಇಳಿಜಾರಿನಿಂದ ನೀರಿಗೆ ದಾರಿ. ಹತ್ತುವುದೂ ಅಲ್ಲಿಂದಲೇ.

ನನಗೆ ಸಂಕೋಚವಾಗದಿರಲಿ ಎಂದು ಮಾವ ನನಗೆ ಬೆನ್ನು ಹಾಕಿ ಕುಳಿತರು. ಅವರು ಕೈ ಎತ್ತಿದರೆ ನಾನು ಹುಟ್ಟು ಹಾಕಬೇಕು, ಇಳಿಸಿದರೆ ನಿಲ್ಲಿಸಬೇಕು. ಖಣಿಯ ನಡುವೆ ಬಂದಾಗ ಕೈ ಇಳಿಯಿತು. ಕೊರಮೀನು ಉಸಿರಿಗೆ ಮೇಲೆ ಬರುತ್ತದೆ, ಬಂದ ಕಡೆ ಕಪ್ಪೆ ಸಿಕ್ಕಿಸಿದ ಗಾಳ ಎಸೆಯಬೇಕು. ಕಾದು ಕಾದು ನನ್ನ ಕಾಲು ಜೋಮು ಹಿಡಿಯಿತು. ಕಡೆಗೆ ದಾರ ಬಿಗಿಯಾಯಿತು, ಮೊಣಕೈ ಉದ್ದದ ಮೀನು ಬಂದು ನನ್ನ ಪಾದದ ಬಳಿ ಬಿತ್ತು. ಮಾವ ತಿರುಗಿ ನೋಡದೆ ಇನ್ನೊಂದು ಕಪ್ಪೆ ತೆಗೆದುಕೊಂಡರು.

ಪಾದ ತಣ್ಣಗಿತ್ತು. ಮೀನಿನಿಂದ ಇಳಿದ ನೀರು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಬಿದಿರಿನ ಹೆಣಿಗೆಯ ಸಂದಿಯಿಂದ ಮೆಣಸಿನ ಬೀಜಗಳು ಒಂದೊಂದಾಗಿ ಮೇಲೆ ತೇಲಿ ಬಂದವು. ನನ್ನ ಮೆಣಸಿನಕಾಯಿಯ ಬೀಜಗಳೇ, ಬಿಸಿಲಿಗೆ ಬಿರಿದ ಹೊಲಿಗೆಯೊಳಗೆ ಇಳಿದು ಕೂತಿದ್ದವು. ಅವು ಬರುವ ಕಡೆ ಕೈಯಿಟ್ಟೆ. ಹೊಲಿಗೆ ಬಾಯಿ ಬಿಟ್ಟಿತ್ತು, ನೀರು ಬೆರಳಿಗೆ ಒತ್ತಿ ಬರುತ್ತಿತ್ತು.

ಬಳೆ ಅಲ್ಲಾಡಿಸಿದೆ. ಸದ್ದು ಮಾಡಬೇಡವೆಂದು ಮಾವ ಬೆನ್ನ ಹಿಂದೆ ಕೈ ಬೀಸಿದರು. ಕೂಗಬೇಕು ಅನಿಸಿತು. ಏನೆಂದು ಕರೆಯಲಿ? ನಾಲ್ಕು ವರ್ಷದಲ್ಲಿ ಒಮ್ಮೆಯೂ ಕರೆದಿರಲಿಲ್ಲ. ಕರೆದರೆ ಮೆಣಸಿನಕಾಯಿಯ ಸಂಗತಿಯನ್ನೂ ಹೇಳಬೇಕು. ಬೊಗಸೆಯಲ್ಲಿ ನೀರು ಚೆಲ್ಲತೊಡಗಿದೆ. ಚೆಲ್ಲಿದ್ದಕ್ಕಿಂತ ಬಂದದ್ದೇ ಹೆಚ್ಚು. ಅಷ್ಟರಲ್ಲಿ ಅಡ್ಡ ಬಿದ್ದಿದ್ದ ಮೀನು ಮೆಲ್ಲಗೆ ನೆಟ್ಟಗಾಯಿತು. ರೆಕ್ಕೆ ಆಡಿಸಿ ನನ್ನ ಕಣಕಾಲನ್ನು ಸುತ್ತಿ ಈಜಿತು.

ಮೀನು ಈಜುವಷ್ಟು ನೀರು ಒಳಗೆ ಬಂದಿತ್ತು. ಅಲ್ಲಿ ಕರುವಿರಲಿಲ್ಲ. ಮೀನಿಗೇ ಹೇಳಿದೆ.

“ಮೀನಾ, ನಿನಗ ಈಜು ಬರತದ, ನನಗ ಬರಂಗಿಲ್ಲ. ಹೊಲಗಿ ಬಿಟ್ಟದ ಅಂತ ಮಾವಾರಿಗಿ ಹೇಳು.”

ಮಾವ ತಿರುಗಿದರು. ನೀರು ನೋಡಿದರು, ಬೀಜ ನೋಡಿದರು. ದಾರವನ್ನು ಗಾಳದ ಸಮೇತ ನೀರಿಗೆ ಬಿಟ್ಟು ಹುಟ್ಟು ಕಸಿದುಕೊಂಡರು.

“ಸೆರಗ ತುರುಕಿ ಅದರ ಮ್ಯಾಲ ಕುಂದ್ರು ಅಂತ ಹೇಳು ಆಕಿಗಿ” ಎಂದರು, ಅವರೂ ಮೀನಿಗೇ.

ಸೆರಗು ತುರುಕಿದರೆ ತಲೆ ಬರಿದಾಗುತ್ತದೆ. ಅಂಥ ಹೊತ್ತಿನಲ್ಲೂ ಒಂದು ಗಳಿಗೆ ಅನುಮಾನಿಸಿದೆ. ಆಮೇಲೆ ತುರುಕಿ, ಅದರ ಮೇಲೆ ಕೂತು, ಮೀನನ್ನು ಮಡಿಲಲ್ಲಿ ಒತ್ತಿ ಹಿಡಿದೆ. ತೇಲುತ್ತ ಗೋಡೆಯ ಕಡೆ ಬಂದಿದ್ದೆವು, ಅದು ನಾಲ್ಕೇ ಮಾರು ದೂರದಲ್ಲಿತ್ತು, ಆದರೆ ಹತ್ತಬಹುದಾದ ಇಳಿಜಾರು ಆಚೆ ದಂಡೆಗೆ. ಭಾರಕ್ಕೆ ಹರಿಗೋಲು ಅಂಚಿನ ತನಕ ಇಳಿದಿತ್ತು. ನಾನು ನಡುಗಿದಂತೆಲ್ಲ ಅದೂ ನಡುಗಿ ಒಂದೊಂದು ಗುಟುಕು ನೀರು ಒಳಗೆ ತೆಗೆದುಕೊಳ್ಳುತ್ತಿತ್ತು.

“ಯವ್ವಾ” ಎಂದರು ಮಾವ. ಈ ಸಲ ಮೀನಿಗಲ್ಲ. “ನೀರ ನೋಡಬ್ಯಾಡ. ನನ್ನ ಮಾರಿ ನೋಡು.”

ನೋಡಿದೆ. ಮುಂದಿನ ಹಲ್ಲೊಂದು ಇಲ್ಲವೆನ್ನುವುದು ಅಂದು ನನಗೆ ತಿಳಿಯಿತು. ಅವರ ತುಟಿಯೂ ನಡುಗುತ್ತಿತ್ತು. ಅದನ್ನು ಕಂಡು ನನಗೆ ಧೈರ್ಯವೇನೂ ಬರಲಿಲ್ಲ, ಇನ್ನೂ ಭಯವಾಯಿತು. ಆದರೂ ಕಣ್ಣು ಕೀಳಲಿಲ್ಲ. ತಳ ಕಲ್ಲಿಗೆ ತಾಗಿದ್ದನ್ನು ಕೇಳಿದಾಗ ನೀರು ನನ್ನ ಸೊಂಟದವರೆಗೆ ಬಂದಿತ್ತು. ಮೀನನ್ನು ನನ್ನ ಕೈಯಿಂದ ಬಿಡಿಸಲು ಅವರು ಬೆರಳು ಒಂದೊಂದಾಗಿ ಎತ್ತಬೇಕಾಯಿತು.

ಸಾರು ಆಯಿತು. ಅತ್ತೆ ಕುಡಿದು, ಹುಳಿ ಜರಾ ಕಮ್ಮಿ ಆಗ್ಯದ ಎಂದರು. ಮಳೆಗಾಲದಲ್ಲಿ ದಮ್ಮು ಬಂದೇ ಬಂತು, ಆದರೆ ದಾಟಿದರು. ಮಾವ ಖಣಿಯ ಸುದ್ದಿ ಎತ್ತಲಿಲ್ಲ. ಖಣಿಯಿಂದ ಬಂದ ಸಂಜೆ ಮಾತ್ರ ಕರುವಿನ ಬೆನ್ನು ಸವರುತ್ತ, “ಮೆಣಸಿನಕಾಯಿಗಿ ಚಾಪಿ ಅದ ಅಂತ ಹೇಳು” ಎಂದರು. ನಾನು ಕರುವಿಗೆ ಹೂಂ ಎಂದೆ.

ಮರುವರ್ಷ ತೊಗಲನ್ನು ಎರಡು ದಿನ ನೆನೆಹಾಕಿದೆ. ಹೊಲಿಗೆಯ ಮೇಲೆ ಬೆರಳಾಡಿಸಿ ಮೂರು ಸಲ ನೋಡಿದೆ. ಮಿರಗಕ್ಕೆ ಹೊಸ ಗಾಳ ಹಿಡಿದು ಮತ್ತೆ ಖಣಿಗೆ ಹೋದೆವು. ಹರಿಗೋಲಿನಲ್ಲಿ ಮಾವ ಈ ಸಲ ನನ್ನ ಕಡೆಗೇ ಮುಖ ಮಾಡಿ ಕುಳಿತರು. ನಾನು ಸೆರಗು ಮುಂದಕ್ಕೆಳೆದು, ಬೀಜ ತೇಲಿ ಬರುತ್ತವೆಯೋ ಎಂದು ತಳವನ್ನೇ ನೋಡುತ್ತ ಕೂತೆ.