ನೀರಡಿಸಿದ ಕಲ್ಲು

ಆ ಕಾಲದಲ್ಲಿ ನನ್ನ ಮಟ್ಟಿಗೆ ಸಿಮೆಂಟ್ ಎಂದರೆ ಅಂಗಡಿಯಿಂದ ಚೀಲದಲ್ಲಿ ಬರುವ ವಸ್ತುವಾಗಿರಲಿಲ್ಲ. ಸಂಜೆ ಅಪ್ಪ ಅಂಗಿ ಝಾಡಿಸಿದಾಗ ಅಂಗಳದಲ್ಲಿ ಉದುರುತ್ತಿದ್ದ ಬೂದು ಪುಡಿಯಾಗಿತ್ತು. ಮಕ್ತಲಿನಿಂದ ನಾರಾಯಣಪೇಟೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಕಂಪನಿ. ಅಪ್ಪ ಅಲ್ಲಿ ಕೆಮಿಸ್ಟ್. ಆ ಸೀಮೆಯ ಕರಿಗಲ್ಲನ್ನು ಹಿಟ್ಟಿನಂತೆ ಅರೆದು, ಸುಟ್ಟ ಸುಣ್ಣಕ್ಕೆ ಬೆರೆಸಿ ಅವರು ಸಿಮೆಂಟ್ ಮಾಡುತ್ತಿದ್ದರು. ಆ ಕಲ್ಲು ಒಂದಾನೊಂದು ಕಾಲಕ್ಕೆ ಜ್ವಾಲಾಮುಖಿಯ ಬೆಂಕಿಯಾಗಿ ಹರಿದಿತ್ತಂತೆ. ಅಪ್ಪ ಹಾಗೆ ಹೇಳಿದ ಮೇಲೆ ಬಿಸಿಲಿಗೆ ಕಾದ ಬಂಡೆ ಕಂಡಲ್ಲೆಲ್ಲ ಅಂಗೈ ಊರಿ, ಆ ಹಳೆಯ ಬಿಸಿ ಉಳಿದಿದೆಯೇನೋ ಎಂದು ನೋಡುತ್ತಿದ್ದೆ.

ನಾನು ಸಿಕಂದರಾಬಾದಿನ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದವಳು. ಪ್ರತ್ಯೇಕ ತೆಲಂಗಾಣದ ಕೂಗು ಮೊದಲ ಸಲ ಜೋರಾಗಿ ಎದ್ದ ಆ ವರ್ಷ ಸ್ಕೂಲುಗಳು ಮುಚ್ಚಿದವು. ಬೇಸಿಗೆ ಹಿಡಿಯುವ ಹೊತ್ತಿಗೆ ಟ್ರಂಕಿನ ಸಮೇತ ಮನೆಗೆ ಬಂದಿಳಿದೆ. ಅಮ್ಮ ಹೆರಿಗೆಗೆಂದು ರಾಯಚೂರಿಗೆ ಹೋಗಿದ್ದಳು. ಮನೆಯಲ್ಲಿ ಅಪ್ಪ, ಅವನ ತಾಯಿಯಾದ ಅಜ್ಜಿ ಮತ್ತು ನಾನು. ಹಗಲೆಲ್ಲ ಗಜಗದ ಬೀಜ ತೂರಿ ಹಿಡಿಯುವ ಆಟ, ಹಸಿವಾದರೆ ಬಿಸಿ ಜೋಳದ ಭಕ್ರಿಯ ಮೇಲೆ ಶೇಂಗಾದ ಹಿಂಡಿ ಎಂಬ ಚಟ್ನಿಪುಡಿ, ಅದರ ನಡುವೆ ಅಜ್ಜಿ ಬೆರಳಿನಿಂದ ಗುಳಿ ಮಾಡಿ ಹೊಯ್ಯುವ ಎಣ್ಣೆ. ಹಾಸ್ಟೆಲಿನ ಬ್ರೆಡ್ಡು ಬಟರು ನನಗೆ ನೆನಪೇ ಆಗಲಿಲ್ಲ.

ಒಂದು ದಿನ ಅಪ್ಪ ಮತ್ತು ಕಂಪನಿಯ ಮೇಸ್ತ್ರಿ ಹುಸೇನಪ್ಪ ಆರು ಕ್ಯೂಬ್ ಹೊತ್ತು ತಂದರು. ಅಂಗೈಗಿಂತ ಅಗಲದ, ಅರೆದ ಕರಿಗಲ್ಲಿನ ಸಿಮೆಂಟಿನಿಂದ ಎರಕ ಹೊಯ್ದ ಗಟ್ಟಿಗಳು. ಕಂಪನಿಯ ಬಾವಿ ಬತ್ತಿತ್ತು. ಅದಕ್ಕೇ ನಮ್ಮ ಹಿತ್ತಲ ಕಲ್ಲಿನ ದೋಣಿಗೆ, ಅಂದರೆ ಹಿಂದೆ ಎಮ್ಮೆಗಳು ನೀರು ಕುಡಿಯುತ್ತಿದ್ದ ತೊಟ್ಟಿಗೆ, ನೀರು ತುಂಬಿ ಅವನ್ನು ಮುಳುಗಿಸಿಟ್ಟರು.

"ನಾಲ್ಕು ವಾರ ಇವು ನೀರಾಗೇ ಇರಬೇಕು ಪುಟ್ಟಿ," ಅಪ್ಪ ಹೇಳಿದ. "ಬೆಂಕಿಯೊಳಗ ಹುಟ್ಟಿದ ಕಲ್ಲು ನೋಡು, ನೀರಡಿಕಿ ಭಾಳ. ನಿನ್ನ ಮ್ಯಾಲೆ ಬಿಟ್ಟೀನಿ."

ನಾಲ್ಕು ವಾರದ ನಂತರ ಗದ್ವಾಲದ ಎಂಜಿನಿಯರರ ಆಫೀಸಿನಲ್ಲಿ ಅವನ್ನು ಯಂತ್ರದಲ್ಲಿಟ್ಟು ಒತ್ತುತ್ತಾರಂತೆ. ತಡೆದುಕೊಂಡರೆ ಅಲ್ಲಿನ ಸೇತುವೆಗಳಿಗೆಲ್ಲ ನಮ್ಮದೇ ಸಿಮೆಂಟು. ಒಡೆದರೆ ಕಂಪನಿ ಹೆಚ್ಚು ದಿನ ಉಳಿಯದು. ಹುಸೇನಪ್ಪ ಬೀಡಿ ಹಚ್ಚುತ್ತ ತನ್ನ ಮಾತು ಸೇರಿಸಿದ: "ನಮ್ಮ ರಾಜ್ಯ ನಮಗ ಬೇಕಂತ ಎಲ್ಲಾರೂ ಒದರಾಕ ಹತ್ಯಾರ್ರಿ. ನಮ್ಮ ಕಲ್ಲಿನ ಮ್ಯಾಗ ನಮಗ ಭರೋಸಾ ಐತೇನು, ಅದನ್ನ ಮೊದಲ ನೋಡೂಣು."

ಅಜ್ಜಿ ದೋಣಿಗೆ ಇಣುಕಿ ನೋಡಿ, "ಅಲ್ಲಿ ಸೊಸಿ ಹಡೀಲಿಕ್ಕೆ ಹೋಗ್ಯಾಳ, ಇಲ್ಲಿ ನನ್ನ ಮಗ ಆರು ಹಡದು ಎರೀಲಿಕ್ಕೆ ಇಟ್ಟಾನ," ಎಂದಳು. ಅಪ್ಪ ಬಹಳ ಹೊತ್ತು ನಕ್ಕ.

ನಾನು ಆ ರೆಸ್ಪಾನ್ಸಿಬಿಲಿಟಿಯನ್ನು ಭಾರಿ ಸೀರಿಯಸ್ಸಾಗಿ ತೆಗೆದುಕೊಂಡೆ. ದಿನಾ ನೀರಿನ ಮಟ್ಟ ನೋಡಿ ನೋಟ್‌ಬುಕ್ಕಿನಲ್ಲಿ ಟಿಕ್ ಹಾಕುತ್ತಿದ್ದೆ. ಐದು ಟಿಕ್ ಆಗಿತ್ತು. ಪರೀಕ್ಷೆಯ ದಿನ ಗೊತ್ತು ಮಾಡಿಕೊಂಡು ಬರಲು ಅಪ್ಪ ಹರಿಗೋಲಿನಲ್ಲಿ ಕೃಷ್ಣೆ ದಾಟಿ ಗದ್ವಾಲಕ್ಕೆ ಹೋದ. ಮರುದಿನ ಬೆಳಿಗ್ಗೆ ಸೂರ್ಯಗ್ರಹಣ.

ಹಿಂದಿನ ಸಂಜೆ ಅಜ್ಜಿ ನನ್ನ ಕೈಗೆ ಒಂದು ಹಿಡಿ ದರ್ಭೆ ಕೊಟ್ಟಳು. ಉಪ್ಪಿನಕಾಯಿ, ತುಪ್ಪ, ಮೊಸರು, ತುಂಬಿಟ್ಟ ನೀರು, ಎಲ್ಲಕ್ಕೂ ಒಂದೊಂದು ಎಳೆ. "ದೋಣಿಗೂ ಹಾಕು ಮತ್ತ. ದರ್ಭಿ ಇಲ್ಲದ ನೀರು ಗ್ರಹಣ ಬಿಟ್ಟ ಮ್ಯಾಲೆ ಚೆಲ್ಲೋದ."

ಎಲ್ಲಕ್ಕೂ ಹಾಕಿದೆ. ದೋಣಿಯ ಮುಂದೆ ನಿಂತಾಗ ಮಾತ್ರ ನಮ್ಮ ಸೈನ್ಸ್ ಸಿಸ್ಟರ್ ನೆನಪಾದರು. ಗ್ರಹಣ ಬರೀ ನೆರಳು, ಉಳಿದದ್ದೆಲ್ಲ ಸೂಪರ್‌ಸ್ಟಿಷನ್ ಎಂದಿದ್ದರು. ಸಿಮೆಂಟಿಗೂ ದರ್ಭೆಯೇ? ಅಪ್ಪನ ವಸ್ತುವನ್ನು ಅಜ್ಜಿ ಮುಟ್ಟುವುದಿಲ್ಲ ಎಂದುಕೊಂಡು ಉಳಿದ ಎಳೆಯನ್ನು ಬೇಲಿಯಾಚೆ ಎಸೆದೆ.

ಗ್ರಹಣ ಬಿಟ್ಟಿತು. ಸ್ನಾನ ಮಾಡಿ, ಹುಸೇನಪ್ಪನ ಹೆಣ್ಣುಮಕ್ಕಳ ಜೊತೆ ಗಜಗ ಆಡಲು ಹೋದವಳು ಹೊತ್ತು ಇಳಿಯುವಾಗ ಮರಳಿದೆ. ದೋಣಿ ಬೂದಿ ಹಚ್ಚಿ ತಿಕ್ಕಿ, ತೊಳೆದು, ಖಾಲಿಯಾಗಿತ್ತು. ಕಟ್ಟೆಯ ಮೇಲೆ ತೊಳೆದ ಕೊಡ ತಂಬಿಗೆಗಳ ಸಾಲಿನಲ್ಲಿ ಆರೂ ಕ್ಯೂಬುಗಳು ಬಿಸಿಲು ಕಾಯುತ್ತಿದ್ದವು. ಕಪ್ಪಗಿದ್ದವು ಬೆಳ್ಳಗಾಗಿದ್ದವು. ಮುಟ್ಟಿದರೆ ಸುಟ್ಟಿತು. ನಮ್ಮ ಹಿತ್ತಲ ಬಾವಿಯಿಂದ ಕೊಡಗಟ್ಟಲೆ ಸೇದಿ, ಒಂದೊಂದನ್ನೇ ನೀರಿಗಿಳಿಸಿದೆ. ಸುಂಯ್ ಎಂದು ಸದ್ದು ಮಾಡುತ್ತ, ಸಣ್ಣ ಸಣ್ಣ ಗುಳ್ಳೆ ಬಿಡುತ್ತ ಅವು ನೀರು ಕುಡಿದವು. ಒಂದರ ಮೈಮೇಲೆ ಕೂದಲೆಳೆಯಂಥ ಬಿರುಕು.

ಅಜ್ಜಿ ಹಿಂದೆ ಬಂದು ನಿಂತದ್ದು ತಿಳಿಯಲಿಲ್ಲ. "ದರ್ಭಿ ಹಾಕಿದ್ದಿಲ್ಲೇನು?" ಎಂದಳು. ನಾನು ಮತ್ತೊಂದು ಕೊಡ ಸೇದಲು ಬಾವಿಯ ಹಗ್ಗಕ್ಕೆ ಕೈ ಹಾಕಿದೆ. ಅವಳು ಸೆರಗು ಸಿಕ್ಕಿಸಿ, ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

ಎರಡು ದಿನದ ಮೇಲೆ ಬಂದ ಅಪ್ಪ ಬಿರುಕನ್ನು ಬೆರಳಿನಿಂದ ಸವರಿದ. ಅವನು ಬಾಯಿ ತೆರೆಯುವ ಮೊದಲೇ ಅಜ್ಜಿ ಅಡಿಗೆಮನೆಯಿಂದ ಹೇಳಿದಳು: "ದೋಣಿಗೆ ದರ್ಭಿ ಹಾಕೋದು ನಾನೇ ಮರತೆನಪಾ. ಆಮ್ಯಾಲೆ ನಾನೇ ಚೆಲ್ಲಿದೆ. ವಯಸ್ಸಾತು ನೋಡು." ಅಪ್ಪ ಅಜ್ಜಿಯ ಮುಖ ನೋಡಿದ, ನನ್ನ ಕಡೆ ನೋಡಲಿಲ್ಲ. ಕೈಕಾಲು ತೊಳೆದು ಊಟಕ್ಕೆ ಕೂತ.

ಪರೀಕ್ಷೆಯ ದಿನ ಗೊತ್ತಾಗಿತ್ತು; ಮತ್ತೆ ಎರಕ ಹೊಯ್ದು ನಾಲ್ಕು ವಾರ ಕಾಯಲು ದಿನಗಳಿರಲಿಲ್ಲ. ಬಿರುಕಿನದನ್ನು ಬಿಟ್ಟು ಐದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಗದ್ವಾಲಕ್ಕೆ ಒಯ್ದರು. ಐದೂ ಬೇಗನೆ ಒಡೆದವಂತೆ. ಮುಂದಿನ ವರ್ಷ ಕಂಪನಿ ಮುಚ್ಚಿತು. ಅಪ್ಪ ದೂರದ ಒಂದು ದೊಡ್ಡ ಫ್ಯಾಕ್ಟರಿ ಸೇರಿದ, ನಾವು ಮಕ್ತಲ್ ಬಿಟ್ಟೆವು. ಉಳಿದ ಆರನೆಯದನ್ನು ಅಜ್ಜಿ ಮಾವಿನ ಉಪ್ಪಿನಕಾಯಿಯ ಭರಣಿಗೆ ಭಾರವಾಗಿ ಇಡುತ್ತಿದ್ದಳು. ಊರೂರು ಅದೂ ನಮ್ಮ ಜೊತೆ ಬಂತು.

ಅಜ್ಜಿ ತೀರಿಕೊಂಡು ಎಷ್ಟೋ ವರ್ಷದ ಮೇಲೆ, ಮುಪ್ಪಿನಲ್ಲಿ ಅಪ್ಪ ಒಮ್ಮೆ ಆ ಕ್ಯೂಬನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. "ನಿಮ್ಮಜ್ಜಿ ತನ್ನ ಹೆಸರು ಮರತಾಳು, ದರ್ಭಿ ಮರಿಯೋಕಿ ಅಲ್ಲ," ಎಂದ. ಅಷ್ಟೇ. ಕನ್ನಡಕ ತೆಗೆದು ಒರೆಸಿಕೊಂಡು ಪೇಪರ್ ಹಿಡಿದ.

ಈಗ ಅಪ್ಪನಿಲ್ಲ. ತೆಲಂಗಾಣ ರಾಜ್ಯ ಬಂತು. ಬಂದ ವರ್ಷ ನಾನು ಮಕ್ತಲಿಗೆ ಹೋಗಿ ನೋಡಿದೆ. ಕಂಪನಿಯ ಜಾಗದಲ್ಲಿ ಗೋಡೌನ್. ಯಾವ ಯಾವುದೋ ಊರಿನ ಸಿಮೆಂಟ್ ಚೀಲ ಇಳಿಸುತ್ತಿದ್ದರು. ನಮ್ಮ ಹಿತ್ತಲ ದೋಣಿ ಕಾಣಲಿಲ್ಲ. ದಾರಿಯ ಬದಿಯ ಒಂದು ಕರಿಬಂಡೆಯ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ನಿಂತೆ. ಬರೀ ಅವತ್ತಿನ ಬಿಸಿಲಿನ ಬಿಸಿ.

ಕ್ಯೂಬ್ ನನ್ನ ಕಿಟಕಿಯಲ್ಲಿದೆ. ಕಾನ್ವೆಂಟಿನಲ್ಲಿ ನಮಗೆ ಮೊದಲು ಕಲಿಸಿದ ಇಂಗ್ಲಿಷ್ ಮಾತೇ ‘ಸಾರಿ’. ಕಾಲು ತಾಗಿದರೆ ಸಾರಿ, ಕೆಮ್ಮಿದರೆ ಸಾರಿ. ಆ ಮನೆಯಲ್ಲಿ ದಿನಕ್ಕೆ ಹತ್ತು ಸಲ ಅದನ್ನು ಹೇಳುತ್ತಿದ್ದವಳು ನಾನೊಬ್ಬಳೇ. ಆ ದೋಣಿಯ ವಿಷಯಕ್ಕೆ ಮಾತ್ರ ಅಪ್ಪನಿಗೂ ಅಜ್ಜಿಗೂ ಒಮ್ಮೆಯೂ ಹೇಳಲಿಲ್ಲ.