ಬಿದ್ದ ಮರದ ಮೇಲೆ ಬುತ್ತಿ ಬಿಚ್ಚಿದ ವರ್ನೆಲ್

ಏಪ್ರಿಲ್ ಕೊನೆಯ ಬೆಳಗು. ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿಲ್ಲ. ಅಮೆರಿಕದ ದಕ್ಷಿಣ ಜಾರ್ಜಿಯಾದಲ್ಲಿ, ಅಕ್ರೋಟಿನಂಥ ಕಾಯಿ ಬಿಡುವ ಪೆಕಾನ್ ಮರಗಳ ಈ ತೋಟದಲ್ಲಿ ವರ್ನೆಲ್ ಗ್ಯಾಸ್ಕಿನ್ಸ್ ಆಗಲೇ ಏಣಿ ಹತ್ತಿದ್ದಾರೆ. ಎಳೆ ಮರದ ಕೊಂಬೆ ಕತ್ತರಿಸಿ, ತುದಿಯ ತೊಗಟೆಯನ್ನು ಬಾಳೆಹಣ್ಣಿನ ಸಿಪ್ಪೆಯಂತೆ ನಾಲ್ಕು ಸೀಳಾಗಿ ಸುಲಿಯುತ್ತಾರೆ. ಒಳಗಿನ ಕಟ್ಟಿಗೆ ತೆಗೆದು ಅಲ್ಲಿ ಕಸಿಕಡ್ಡಿ ಕೂರಿಸಿ, ಸಿಪ್ಪೆ ಮೇಲಕ್ಕೆಳೆದು ರಬ್ಬರ್ ಬ್ಯಾಂಡ್ ಬಿಗಿಯುತ್ತಾರೆ. ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ, ಅದರ ಮೇಲೊಂದು ಪ್ಲಾಸ್ಟಿಕ್ ಚೀಲ.

"ಬಿಸಿಲು ತಾಕ್ಬಾರ್ದು, ಹಸಿ ಆರ್ಬಾರ್ದು. ಥೇಟ್ ಬಾಣಂತಿ ಆರೈಕೆ" ಎಂದು ಏಣಿಯ ಮೇಲಿಂದಲೇ ನಗುತ್ತಾರೆ.

ಅರವತ್ತು ದಾಟಿದ ವರ್ನೆಲ್ ದಿನಕ್ಕೆ ಎಪ್ಪತ್ತರವರೆಗೆ ಕಸಿ ಕಟ್ಟುತ್ತಾರೆ. ನಾನು ಈ ಊರಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ, ನನ್ನ ಕೈಯ ಒಂದು ಕಸಿಯೂ ಹಿಡಿದಿಲ್ಲ. ಪೆಕಾನ್ ತುಂಬಿ ಬೇಯಿಸಿದ ಸಿಹಿ ಪೈ ಚಪ್ಪರಿಸುವ ನಾವು ಯಾರೂ ಕಸಿ ಕಟ್ಟಿದವರ ಹೆಸರು ಕೇಳುವುದಿಲ್ಲ. ಈ ವರ್ಷ ಮಾತ್ರ ಸುತ್ತಲಿನ ತೋಟದವರೆಲ್ಲ ವರ್ನೆಲ್ ಬಾಗಿಲಲ್ಲಿದ್ದಾರೆ.

ಕಳೆದ ಅಕ್ಟೋಬರ್‌ನಲ್ಲಿ, ಇನ್ನೇನು ಕೊಯ್ಲು ಎನ್ನುವಾಗ ಚಂಡಮಾರುತ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೋಯ್ಟ್ ಸಟನ್ ಅವರ ಈ ತೋಟದಲ್ಲೇ ಅರ್ಧಕ್ಕರ್ಧ ಮರ ಉರುಳಿದವು. ಹೊಸ ಸಸಿ ನೆಟ್ಟರೆ ಒಳ್ಳೆಯ ಫಸಲಿಗೆ ಏಳೆಂಟು ವರ್ಷ ಕಾಯಬೇಕು; ಬೇರೂರಿದ ಎಳೆ ಮರಕ್ಕೆ ಕಸಿ ಕಟ್ಟಿದರೆ ಅಷ್ಟು ಕಾಯಬೇಕಿಲ್ಲ. ಬಿದ್ದ ಮರ ತೆಗೆಸಲು ಸರ್ಕಾರದ ನೆರವು ಸಿಕ್ಕಿತು. ನೆರೆಯವರು ಟ್ರ್ಯಾಕ್ಟರ್ ತಂದು, ವಾಲಿದ ಎಳೆ ಮರಗಳನ್ನು ನೆಟ್ಟಗೆ ನಿಲ್ಲಿಸಿ ಗೂಟ ಕೊಟ್ಟರು. ಚರ್ಚಿನ ಹೆಂಗಸರು ಕೋಳಿ ಕರಿದು ತಂದರು, ಸರಿಯಾಗಿ ತಿನ್ನದವರಿಗೆ ಬೈಗುಳವನ್ನೂ ಧಾರಾಳವಾಗಿ ಬಡಿಸಿದರು.

ಬಿದ್ದವುಗಳಲ್ಲಿ ಹೋಯ್ಟ್ ಅವರ ಅಜ್ಜಿ ಬೀಜ ಹಾಕಿ ಬೆಳೆಸಿದ ಮರವೂ ಒಂದು. ತೆಳು ಸಿಪ್ಪೆ, ಬೆಣ್ಣೆಯಂಥ ತಿರುಳು. ಆ ತಳಿ ಬೇರೆಲ್ಲೂ ಇಲ್ಲ. ಅರ್ಧ ಬೇರು ಇನ್ನೂ ಮಣ್ಣಲ್ಲಿತ್ತು. ಎತ್ತಿ ನಿಲ್ಲಿಸೋಣವೆಂದು ಹೋಯ್ಟ್ ಸರಪಳಿ ಬಿಗಿದರೆ, ವರ್ನೆಲ್ ಹೋಗಿ ಕಾಂಡದ ಮೇಲೆ ಕೂತು ಬುತ್ತಿ ಬಿಚ್ಚಿದರು.

"ಮಿಸ್ ವರ್ನೆಲ್, ಇಳೀರಿ! ಇದೇನ್ ಪಿಕ್ನಿಕ್ಕಾ?" ಎಂದರಂತೆ ಹೋಯ್ಟ್. ಹಿರಿಯ ಹೆಂಗಸರನ್ನು, ಮದುವೆಯಾದವರನ್ನೂ, ಇಲ್ಲಿ ಗೌರವದಿಂದ 'ಮಿಸ್' ಎಂದೇ ಕರೆಯುತ್ತಾರೆ.

"ಈ ಮುದುಕಿ ಮರಾನ ಎಳೆದು ನಿಲ್ಸಿದ್ರೆ ಉಳಿದ ಬೇರೂ ಕಿತ್ತೋಗತ್ತೆ ಮಗಾ. ಫೆಬ್ರವರಿವರ್ಗೂ ಮಲಗಿರ್ಲಿ. ಕಸಿಗೆ ಕಡ್ಡಿ ಕೊಯ್ಕೊಂಡ್ಮೇಲೆ ಏನಾದ್ರೂ ಮಾಡ್ಕೊ."

ಹೋಯ್ಟ್ ಸರಪಳಿ ಬಿಚ್ಚಿದರು. ಫೆಬ್ರವರಿಯಲ್ಲಿ ಕೊಯ್ದ ಕಡ್ಡಿಗಳು ವರ್ನೆಲ್ ಮನೆಯ ಫ್ರಿಜ್ ಸೇರಿದವು. ಜೊತೆಗೆ ಸೇಬಿಟ್ಟರೆ ಅದು ಬಿಡುವ ಅನಿಲಕ್ಕೆ ಕಡ್ಡಿಯ ಮೊಗ್ಗು ಸಾಯುತ್ತದೆ. ಹಾಗಾಗಿ ಅವರ ಗಂಡ ಏಪ್ರಿಲ್‌ವರೆಗೂ ಸೇಬನ್ನು ಟ್ರಕ್ಕಿನಲ್ಲಿಟ್ಟುಕೊಂಡು ಕದ್ದವರಂತೆ ತಿಂದರು. ಇತ್ತ ಮರ ಒಣಗಿ ಸೌದೆಯಾಯಿತು. ಬೀಜ ಹಾಕಿದರೆ ಅದೇ ಗುಣ ಬರದು; ಇನ್ನು ಆ ತಳಿ ಉಳಿದರೆ ಕಸಿಯಲ್ಲೇ ಉಳಿಯಬೇಕು.

ಏಪ್ರಿಲ್ ಮೊದಲಲ್ಲಿ ಕಟ್ಟಿದ ಆ ಕಸಿಗಳನ್ನು ನೋಡಲು ಇವತ್ತು ಹೋಯ್ಟ್ ಟೋಪಿ ಹಿಂಡುತ್ತ ಬಂದು ನಿಂತಿದ್ದಾರೆ. ಮೊದಲ ಚೀಲದೊಳಗಿನ ಕಡ್ಡಿ ಕಪ್ಪಾಗಿದೆ. ಎರಡನೆಯದನ್ನು ವರ್ನೆಲ್ ಮೆಲ್ಲಗೆ ಬಿಡಿಸುತ್ತಾರೆ. ಮೊಗ್ಗು ಒಡೆದು, ಇಲಿಕಿವಿಯಷ್ಟು ಹಸಿರು ಹೊರಬಂದಿದೆ. ಮೂರನೆಯದರಲ್ಲೂ ಹಸಿರು, ನಾಲ್ಕನೆಯದರಲ್ಲೂ. ಹೋಯ್ಟ್ ಕೂಗಿದ ಕೂಗಿಗೆ ಬೇಲಿಯಾಚೆಯ ಹಸುಗಳೆಲ್ಲ ತಲೆಯೆತ್ತುತ್ತವೆ. ನನಗೂ ಕಣ್ಣು ತುಂಬುತ್ತದೆ.

"ಈ ತಳಿಗೆ ನಿಮ್ಮ ಹೆಸರೇ ಇಡ್ತೀನಿ!" ಎನ್ನುತ್ತಾರೆ ಹೋಯ್ಟ್.

"ಬೇಡಪ್ಪಾ, ಕ್ರಿಸ್‌ಮಸ್ ಬಂದ್ರೆ ಊರೋರೆಲ್ಲ ಪೈಗೆ ಕಾಯಿ ಒಡ್ಯೋ ನೆಪದಲ್ಲಿ ನನ್ ತಲೆ ಒಡೀತಾ ಕೂರ್ತಾರೆ. ನಿಮ್ಮಜ್ಜಿ ಹೆಸರೇ ಇರ್ಲಿ."

ಮತ್ತೇನು ಬೇಕು ಎಂದು ಹೋಯ್ಟ್ ಕೇಳಿದರೆ ವರ್ನೆಲ್ ಏಣಿ ಇಳಿದು ಕೈ ಒರೆಸಿಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ಅವರು ಅಮ್ಮನ ಜೊತೆ ಹೋಯ್ಟ್ ಅಜ್ಜಿಯ ಆ ಮರದಡಿ ಅರ್ಧಪಾಲಿಗೆ ಕಾಯಿ ಆಯ್ದವರು. ಆಯ್ದದ್ದರಲ್ಲಿ ಅರ್ಧ ತೋಟದವರಿಗೆ, ಅರ್ಧ ಆಯ್ದವರಿಗೆ.

"ಫಸಲು ಬಂದಾಗ ಈ ಸಾಲಿಗೆ ಮರ ಅಲ್ಲಾಡ್ಸಿ ಕಾಯಿ ಉದುರ್ಸೋ ಮಿಷನ್ ತರ್ಬೇಡ. ಬಕೆಟ್ ಹಿಡ್ಕೊಂಡು ನಾನೇ ಬರ್ತೀನಿ."

"ಪೂರ್ತಿ ನೀವೇ ತಗೊಂಡೋಗಿ, ಮಿಸ್ ವರ್ನೆಲ್."

"ಅರ್ಧ" ಎನ್ನುತ್ತಾರೆ ವರ್ನೆಲ್. "ನಮ್ಮಮ್ಮ ಯಾವತ್ತೂ ಅರ್ಧಕ್ಕಿಂತ ಒಂದು ಕಾಯೀನೂ ಹೆಚ್ಚಿಗೆ ತಂದೋಳಲ್ಲ."