ನನ್ನ ಉತ್ತರ ನಾನ ಹೇಳ್ತೀನ್ರಿ

ದವಾಖಾನಿಯೊಳಗ ನನಗ ಏನ ಕೇಳಿದ್ರೂ ನಮ್ಮ ಮನಿಯವರ ಉತ್ತರ ಕೊಡ್ತಿದ್ರು. ನಮ್ಮ ಕಡೆ ಇದೇನು ಹೊಸಾದಲ್ಲ. ಹೆಂಡ್ತಿಗೆ ಜಡ್ಡಾದ್ರ ಗಂಡ ಹೇಳಬೇಕು, ಮುದುಕರಿಗೆ ಜಡ್ಡಾದ್ರ ಮಗ ಹೇಳಬೇಕು, ಜಡ್ಡಾದವರು ಸುಮ್ನ ನಾಲಿಗಿ ಚಾಚಿ ತೋರಿಸಿದ್ರ ಸಾಕು. ಪ್ರೀತಿಲೇನ ಮಾಡ್ತಾರ, ಇಲ್ಲ ಅನ್ನಂಗಿಲ್ಲ. ಆದ್ರ ಬ್ಯಾನಿ ನನ್ನ ಮೈಯಾಗ, ಬಾಯಿ ಅವರದು! ಇದ್ಯಾವ ನ್ಯಾಯರೀ?

ನಾ ಬ್ಯಾಡಗಿಯೊಳಗ ಕುಬಸ ಹೊಲಿಯಾಕಿ. ಲಗ್ನದ ದಿನಗಳಾಗ ರಾಣೆಬೆನ್ನೂರಿನಿಂದನೂ ನನ್ನ ಹುಡುಕಿಕೊಂಡು ಅರಿವಿ ಬರತಿದ್ವು. ನಾ ಹೊಲಿದ ಕುಬಸ ತೋಳಿನ್ಯಾಗ ಬಿಗೀತು ಅಂತ ಒಬ್ಬಾಕಿನೂ ತಿರುಗಿ ಬಂದಿಲ್ಲ. ಹಂಗಿದ್ದಾಗ ಹೊಟ್ಟಿಯೊಳಗ ಗಂಟಾತು. ಆಪರೇಷನ್ ಆತು, ಆಮ್ಯಾಲೆ ಹಾವೇರಿಗೆ ಹೋಗಿ ಸಲೈನಿನ್ಯಾಗ ಔಷಧಿ ಏರಿಸಿಕೊಂಡು ಬರೂದು ಸುರು ಆತು. ಮನ್ಯಾಗ ಎಲ್ಲಾರೂ ಅದಕ್ಕ ಗಂಟು ಅಂತನ ಅನ್ನಬೇಕಂತ ಮಾತಾಡಿಕೊಂಡಿದ್ರು. ನಾನೂ ಗಂಟು ಅಂತಿದ್ದೆ, ಪಾಪ, ಅವರಿಗ್ಯಾಕ ಸಂಕಟ ಅಂತ. ನನಗ ಮೊದಲನೇ ದಿನಾನ ಗೊತ್ತಿತ್ತು. ಅಲ್ರೀ, ಬಾಗಿಲ ಮ್ಯಾಲೆ ಅಷ್ಟು ದಪ್ಪ ಅಕ್ಷರದಾಗ ಕ್ಯಾನ್ಸರ್ ವಿಭಾಗ ಅಂತ ಬರದಿದ್ರ ನನಗೇನು ಓದಾಕ ಬರಂಗಿಲ್ಲೇನು?

ವಾಂತಿ ಬಂತು, ಕೂದಲಾ ಹೋದ್ವು. ಹೋಗ್ಲಿ ಬಿಡು ಅಂದೆ. ಬೆರಳಿನ ತುದಿ ಜೋಮು ಹಿಡಿಯಾಕ ಹತ್ತಿದ್ವು ನೋಡ್ರಿ, ಆವಾಗ ಅಂಜಿದೆ. ಅಗಡಿ ಊರಿನ ಮದುಮಗಳ ಕುಬಸಕ್ಕ ಹುಕ್ಕು ಹಚ್ಚುವಾಗ ಸೂಜಿ ಬೆರಳಿಗೆ ಚುಚ್ಚೈತಿ, ನನಗ ಖಬರನ ಇಲ್ಲ. ರೇಷ್ಮಿ ಮ್ಯಾಲೆ ರಕ್ತ ಕಂಡಾಗ ತಿಳೀತು. ತಣ್ಣೀರಿನ್ಯಾಗ ಕಲೆ ತಿಕ್ಕಿಕೋತ ಅತ್ತೆ. ಹೊಲಿಯೂದು ಯಾಕ ಬಿಟ್ಟಿ ಅಂತ ಮನ್ಯಾಗ ಕೇಳಿದ್ರ ಮಷಿನ್ ಕೆಟ್ಟೈತಿ ಅಂದೆ.

ಮುಂದಿನ ಸಲ ಹಾವೇರಿಗೆ ಹೋದಾಗ ಒಬ್ಬ ಹುಡುಗಿ ನನ್ನ ಕಾಟಿನ ಹತ್ರ ಬಂದು ಕುಂತ್ಲು. ದೊಡ್ಡ ಜಡ್ಡು ಆದವರು ದಿನಾ ಹೆಂಗ ಬದುಕತಾರ ಅಂತ ತಿಳಕೊಳ್ಳೂ ಸಂಶೋಧನಾದಾಗ ಕೆಲಸ ಮಾಡಾಕಿ.

“ಗಂಟು ಕರಗೈತೋ ಇಲ್ಲೋ ಅಂತ ಸ್ಕ್ಯಾನಿಂಗ್ ಹೇಳತೈತ್ರಿ ಅಕ್ಕಾರ. ನೀವು ಹೆಂಗ ಬದುಕಾಕತ್ತೀರಿ ಅನ್ನೂದನ್ನ ನೀವ ಹೇಳಬೇಕು. ನೀವು ಹೂಂ ಅಂದ್ರ ಡಾಕ್ಟರಿಗೂ ತಿಳಸ್ತೀನಿ” ಅಂದ್ಲು.

“ಹೂಂ” ಅಂದೆ. ಮಾತು ಭಾಳ ಹಿಡಿಸ್ತು ನನಗ.

“ನಿದ್ದಿ ಬರತೈತೇನ್ರಿ?”

“ಚಲೋ ಮಲಗತಾಳ್ರಿ” ಅಂದ್ರು ಬಾಜೂಕ ನಿಂತಿದ್ದ ನಮ್ಮ ಮನಿಯವರು. ತಾವು ಗೊರಕಿ ಹೊಡಿಯಾವರು, ನಾ ಮಲಗಿದ್ದು ಇವರಿಗ್ಹೆಂಗ ಗೊತ್ತು!

“ಊಟ ಸೇರತೈತೇನ್ರಿ?”

“ಎರಡು ರೊಟ್ಟಿ ತಿಂತಾಳ್ರಿ.” ಅದ್ರಾಗ ಒಂದೂವರಿ ಓಣಿ ನಾಯಿಗೆ ಹೋಗ್ತಿತ್ತು.

“ಕೈಬೆರಳು ಜೋಮು ಹಿಡೀತಾವೇನ್ರಿ?”

“ಏ, ಇಲ್ರಿ! ಮಷಿನ್ ಕೆಟ್ಟೈತಂತ ಹೊಲಿಯೂದು ಬಿಟ್ಟಾಳ ಅಷ್ಟ.”

ಸಿಟ್ಟು ನೆತ್ತಿಗೇರಿತು. “ನೀವು ಸುಮ್ಕಿರ್ರಿ! ಬೆರಳು ನಿಮ್ಮವೇನು? ನನ್ನ ಉತ್ತರ ನಾನ ಹೇಳ್ತೀನಿ. ಬರಕೋ ತಂಗಿ. ಇದು ಗಂಟಲ್ಲ, ಕ್ಯಾನ್ಸರ್. ನನಗ ಗೊತ್ತೈತಿ. ನಿದ್ದಿ ಇಲ್ಲ, ಊಟ ಸೇರಂಗಿಲ್ಲ. ಬೆರಳಿನ್ಯಾಗ ಜೀವ ಇಲ್ಲ, ಸೂಜಿ ಚುಚ್ಚಿದ್ರೂ ತಿಳಿಯಂಗಿಲ್ಲ.”

ಆಜೂಬಾಜೂ ಕಾಟಿನವರೆಲ್ಲಾ ನಮ್ಮ ಕಡೆ ಹೊಳ್ಳಿದ್ರು. ಇವರ ಮುಖ ಸಣ್ಣದಾತು. ನನ್ನ ಕೈ ತಗೊಂಡು ಬೆರಳು ಒಂದೊಂದ ಒತ್ತಿ ಒತ್ತಿ ನೋಡಿದ್ರು. ನಾ ಹೇಳಿದ್ದನ್ನ ಹಿಂದ ತಗೊಳ್ಳಲಿಲ್ಲ.

ಹುಡುಗಿ ಹೋಗಿ ಡಾಕ್ಟರಿಗೆ ಹೇಳಿದ್ಲು. ಅವರು ಬಂದು ಬಿಡಿಸಿ ಹೇಳಿದ್ರು. ಔಷಧಿ ಹಿಂಗ ನಡಸಿದ್ರ ಜೋಮು ಹೆಚ್ಚಾಗಿ ಹಂಗ ಉಳೀಬಹುದು. ಕಡಿಮಿ ಮಾಡಿದ್ರ ಬೆರಳು ಸುಧಾರಿಸಬಹುದು, ಆದ್ರ ಜಡ್ಡು ಲಗೂನ ತಲಿ ಎತ್ತಬಹುದು. ಯಾವುದೂ ಖಾತ್ರಿ ಇಲ್ಲ. ಇಷ್ಟು ಹೇಳಿ ರೂಢಿ ಪ್ರಕಾರ ಇವರ ಮಾರಿ ನೋಡಿದ್ರು.

“ಪೂರಾನ ಕೊಡ್ರಿ ಸಾಹೇಬ್ರ” ಅಂದ್ರು ಇವರು.

“ಕಡಿಮಿ ಮಾಡ್ರಿ” ಅಂದೆ ನಾ. “ಹೊಲಕೋತ ಬದುಕಿದಾಕಿ ನಾ. ಗ್ವಾಡಿ ನೋಡಿಕೋತ ಕುಂದ್ರೂದು ನನ್ನ ಕಡಿಂದ ಆಗಂಗಿಲ್ಲ. ಎಷ್ಟು ದಿನ ಇರತೇನೋ ಇರಲಿ, ಬೆರಳು ಬೇಕ್ರಿ ನನಗ.”

ಅಂಜಿಕಿ ಇರಲಿಲ್ಲೇನು ಅಂದ್ರ ಇತ್ತು, ಭಾಳ ಇತ್ತು. ಡಾಕ್ಟರು ಮತ್ತೊಮ್ಮೆ ಕೇಳಿದ್ರು. ಮತ್ತ ಅದನ್ನ ಹೇಳಿದೆ.

ಹಾವೇರಿ ಬಸ್‌ಸ್ಟ್ಯಾಂಡಿನ್ಯಾಗ ಬ್ಯಾಡಗಿ ಬಸ್ ಬರೂತನಕ ಇವರು ನನ್ನಿಂದ ದೂರ ಹೋಗಿ ನಿಂತಿದ್ರು. ಮುನಿಸಿಕೊಂಡಾರ ಅನ್ಕೊಂಡೆ. ಬಸ್ಸು ಊರು ದಾಟಿದ ಮ್ಯಾಲೆ ಕಿಡಕಿ ಕಡೆ ಮಾರಿ ಮಾಡಿ ಅಂದ್ರು, “ನಿನಗ ಬೆರಳು ಬೇಕಂದಿ. ನನಗ ನೀ ಬೇಕು. ಅದನ್ನ ಯಾರು ಕೇಳತಾರ?”

ಅವರ ಕೈ ಹಿಡಕೊಂಡೆ. ಬೆಚ್ಚಗೈತೋ ತಣ್ಣಗೈತೋ ಬೆರಳಿಗೆ ತಿಳೀಲಿಲ್ಲ. ಅದನ್ನೂ ಮುಚ್ಚಿಡಲಿಲ್ಲ, ಅವರಿಗೆ ಹೇಳಿಬಿಟ್ಟೆ.